ಎರಡು ಟ್ರಾನ್ಸ್‌ಪೋರ್ಟು, ಒಂದು ಬಲಗಿವಿ

ನನ್ನ ಬಲಗಿವಿಗೆ ಸಣ್ಣ ಶಬ್ದ ಕೇಳುವುದಿಲ್ಲ. ಮಾತು ಕೇಳುತ್ತದೆ, ಲಾರಿ ಹಾರ್ನ್ ಕೇಳುತ್ತದೆ, ಗುಡುಗು ಕೇಳುತ್ತದೆ. ಗೆಜ್ಜೆ, ಜೀರುಂಡೆ, ಬೀಗದ ಕೈ ಗೊಂಚಲು, ಇಂಥವು ಕೇಳುವುದಿಲ್ಲ. ಇದು ಗೊತ್ತಾಗಿದ್ದು ಎರಡು ಸಿ.ಡಿ. ಟ್ರಾನ್ಸ್‌ಪೋರ್ಟ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ನೋಡಲು ಹೋಗಿ. ಎಡಗಿವಿ ಇನ್ನೂ ಸರಿ ಇದೆ. ಅದನ್ನು ಉಳಿಸಿಕೊಳ್ಳಬೇಕು. ಅದೊಂದು ಹಟಕ್ಕೆ ಬಿದ್ದು ಏನೇನು ಮಾಡಿದೆ ಎನ್ನುವುದನ್ನು ನೇರವಾಗಿ ಬರೆಯುತ್ತೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಟ್ಟಿಗೆಹಾರದ ಹತ್ತಿರ ರೋಡ್ ಬದಿಯ ಮನೆಯಲ್ಲಿ ನಾನೂ ನಮ್ಮ ಅಕ್ಕನೂ ಇದ್ದೇವೆ. ಅಕ್ಕ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಕಾಫಿ ರುಚಿ ನೋಡುವ ರೂಮಿನಲ್ಲಿ ಕೆಲಸ ಮಾಡುತ್ತಾಳೆ. ರುಚಿ ನೋಡುವವಳಲ್ಲ, ನೋಡುವವರ ಮುಂದೆ ಕಪ್ ಜೋಡಿಸುವವಳು. ನನ್ನದು ಕಳೆ ಹೊಡೆಯುವ ಮಷಿನ್. ಪೆಟ್ರೋಲ್ ಎಂಜಿನ್, ಉದ್ದ ಪೈಪು, ತುದಿಯಲ್ಲಿ ತಿರುಗುವ ಬ್ಲೇಡು. ಬೆಲ್ಟ್ ಹಾಕಿಕೊಂಡು ಬಲಗಡೆಗೆ ನೇತುಹಾಕಿಕೊಳ್ಳಬೇಕು. ಎಂಜಿನ್ ಬಲ ಮೊಣಕೈ ಹಿಂದೆಯೇ ಕೂಗುತ್ತಿರುತ್ತದೆ. ಮೀಸೆ ಸರಿಯಾಗಿ ಬರುವ ಮುಂಚೆಯೇ ಅದನ್ನು ಹೆಗಲಿಗೆ ಹಾಕಿದೆ. ಮಳೆಗೆ ಮುಂಚೆ ಒಂದು ಸುತ್ತು, ಮಳೆ ಬಿಟ್ಟ ಮೇಲೆ ಒಂದು ಸುತ್ತು, ನಡುವೆ ಯಾರು ಕರೆದರೆ ಅಲ್ಲಿಗೆ. ಮಲ್ಲಂದೂರಿಗೂ ಹೋಗಿದ್ದೇನೆ, ಕಳಸಕ್ಕೂ ಹೋಗಿದ್ದೇನೆ.

ದುಡಿದು ಬಂದ ಮೇಲೆ ಕುಡಿಯುವವರಿದ್ದಾರೆ, ಇಸ್ಪೀಟ್ ಆಡುವವರಿದ್ದಾರೆ. ನಾನು ಹಾಡು ಕೇಳುತ್ತೇನೆ. ಫೋನಿನಲ್ಲಿ ಕೇಳಿದರೆ ನನಗೆ ಆಗುವುದಿಲ್ಲ, ಸರಿಯಾದ ಸೆಟ್ ಬೇಕು. ಸೆಟ್ ಹೇಗೆ ಬಂತು ಅಂದರೆ, ನಾನು ಕಳೆ ಹೊಡೆಯುವ ಒಂದು ಎಸ್ಟೇಟಿನ ಸಾಹುಕಾರರು ಡಿಸ್ಕ್ ಹಾಕಿ ಕೇಳುವುದನ್ನು ಬಿಟ್ಟರು. ಹಳೆಯ ಟ್ರಾನ್ಸ್‌ಪೋರ್ಟು, ಡ್ಯಾಕು, ಒಂದು ಚೀಲ ಡಿಸ್ಕು, ಎಲ್ಲ ತೆಗೆದುಕೊಂಡು ಹೋಗು ಎಂದರು. ಆಂಪ್ಲಿಫೈಯರನ್ನು ಗೆಳೆಯ ಎಲ್ಲಿಂದಲೋ ತಂದು ರಿಪೇರಿ ಮಾಡಿಸಿದ. ಸ್ಪೀಕರ್ ಪೆಟ್ಟಿಗೆಗಳನ್ನು ನಾವಿಬ್ಬರೇ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಹಲಗೆಯಲ್ಲಿ ಹೊಡೆದೆವು. ಒಂದು ಪೆಟ್ಟಿಗೆ ಸ್ವಲ್ಪ ಸೊಟ್ಟ ಇದೆ, ಆದರೆ ಶಬ್ದ ಸೊಟ್ಟ ಇಲ್ಲ.

ಗೆಳೆಯ ಅಂದರೆ ಕೊಟ್ಟಿಗೆಹಾರದಲ್ಲಿ ಜೀಪು, ಪಿಕಪ್ ರಿಪೇರಿ ಮಾಡುವ ಬ್ಯಾರಿ ಹುಡುಗ. ನನ್ನದೇ ವಯಸ್ಸು. ಈ ಹುಚ್ಚು ಅವನಿಗೂ ಇದೆ.

ಟ್ರಾನ್ಸ್‌ಪೋರ್ಟ್ ಅಂದರೆ ಏನು ಎಂದು ಕೇಳುವವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಸಿ.ಡಿ. ಪ್ಲೇಯರ್ ಎರಡು ಕೆಲಸ ಮಾಡುತ್ತದೆ, ಡಿಸ್ಕಿನಲ್ಲಿರುವ ಅಂಕಿಗಳನ್ನು ಓದುತ್ತದೆ, ಆಮೇಲೆ ಅವನ್ನು ಶಬ್ದ ಮಾಡುತ್ತದೆ. ಓದುವ ಕೆಲಸ ಮಾತ್ರ ಮಾಡುವ ಪೆಟ್ಟಿಗೆ ಟ್ರಾನ್ಸ್‌ಪೋರ್ಟು. ಶಬ್ದ ಮಾಡುವ ಪೆಟ್ಟಿಗೆ ಡ್ಯಾಕು. ಕಾಫಿ ಹಣ್ಣು ಕುಯ್ಯುವವರು ಬೇರೆ, ಅದರ ಸಿಪ್ಪೆ ಬಿಡಿಸಿ ಪಲ್ಪ್ ಮಾಡುವವರು ಬೇರೆ ಇರುವ ಹಾಗೆ.

ಚೀಲದಲ್ಲಿದ್ದ ಡಿಸ್ಕ್‌ಗಳಲ್ಲಿ ಒಂದು ಕೊಳಲಿನದು. ಹಿಂದೆ ಮೃದಂಗ, ಕಂಜೀರ. ಊದಿದವರು ಯಾರೆಂದು ಗೊತ್ತಿಲ್ಲ, ಕವರ್ ಇರಲಿಲ್ಲ. ಊದುವ ಮುಂಚೆ ಆ ಮನುಷ್ಯ ಉಸಿರು ಎಳೆದುಕೊಳ್ಳುವುದು ಅದರಲ್ಲಿ ಬಲಗಡೆಯ ಸ್ಪೀಕರಿನಿಂದ ಕೇಳುತ್ತದೆ. ಮೊದಲ ಸಲ ಕೇಳಿದಾಗ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎಂದು ತಿರುಗಿ ನೋಡಿದ್ದೆ. ಕಂಜೀರವೂ ಅದೇ ಕಡೆ, ಅದರ ಬಿಲ್ಲೆಗಳು ಅದುರುವುದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಸೆಟ್ ಸರಿ ಇದೆಯೋ ಇಲ್ಲವೋ ನೋಡಲು ನಾನು ಹಾಕುತ್ತಿದ್ದುದು ಅದೇ ಡಿಸ್ಕು.

ಕಳೆದ ಸಲ ಮಳೆ ಬಿಟ್ಟ ಮೇಲೆ ಅದನ್ನು ಹಾಕಿದರೆ ಉಸಿರು ಇಲ್ಲ. ಕಂಜೀರಕ್ಕೆ ಯಾರೋ ಬಟ್ಟೆ ಸುತ್ತಿದ ಹಾಗೆ ಇತ್ತು.

ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಏನು ಕೆಟ್ಟರೂ ಬೂಷ್ಟು ಎನ್ನುತ್ತೇವೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಫೋಟೋಕ್ಕೆ ಬೂಷ್ಟು. ಟ್ರಾನ್ಸ್‌ಪೋರ್ಟಿನ ಲೆನ್ಸಿಗೂ ಬೂಷ್ಟು ಹಿಡಿದಿದೆ ಎಂದು ನಾನು ತೀರ್ಮಾನ ಮಾಡಿದೆ. ಬೇರೆ ಯೋಚನೆಯೇ ಬರಲಿಲ್ಲ. ಬಿಚ್ಚಿ, ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಸ್ಪಿರಿಟ್ ಹಚ್ಚಿ ಲೆನ್ಸ್ ಒರೆಸಿದೆ. ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು ಬೀರುವಿನೊಳಗೆ ಬಲ್ಬ್ ಹಾಕುತ್ತಾರಲ್ಲ, ಹಾಗೆ ತಗಡಿನ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ ಟ್ರಾನ್ಸ್‌ಪೋರ್ಟನ್ನು ಅದರೊಳಗೆ ಇಟ್ಟೆ. ಅಕ್ಕ ಅದಕ್ಕೊಂದು ಕಂಬಳಿಯನ್ನೂ ಹೊದಿಸು ಎಂದು ಹಂಗಿಸಿದಳು. ತೆಗೆದು ಹಾಕಿದರೆ ಅದೇ ಮಂಕು.

ಗೆಳೆಯನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

"ಲೆನ್ಸ್ ಹಾಳಾದ್ರೆ ಹಾಡು ಹಾರ್ತದೆ, ಇಲ್ಲ ನಿಲ್ತದೆ ಮಾರಾಯ. ಮಂಕಾಗೋದು ಹೇಗೆ? ಡೀಸೆಲ್ ಬರ್ದಿದ್ರೆ ಗಾಡಿ ನಿಲ್ತದೆ. ಗಾಡಿ ಬಣ್ಣ ಮಾಸ್ತದಾ?"

ನನಗೆ ಅದು ತಲೆಗೆ ಹೋಗಲಿಲ್ಲ. ನಾನು ಫೋನಿನಲ್ಲಿ ನೋಡಿದ್ದೆ. ದೊಡ್ಡ ಸೆಟ್ ಇಟ್ಟುಕೊಂಡವರು ಎಷ್ಟೋ ಜನ ಹೇಳುತ್ತಿದ್ದರು, ಟ್ರಾನ್ಸ್‌ಪೋರ್ಟ್ ಬದಲಾಯಿಸಿದರೆ ಪರದೆ ಸರಿದಂತಾಗುತ್ತದೆ, ಗಾಳಿ ಆಡುತ್ತದೆ, ಮೇಲಿನ ಶಬ್ದ ಬಿಡಿಸಿಕೊಳ್ಳುತ್ತದೆ ಎಂದು. ಆ ಬಣ್ಣದ ಮಾತು ನನಗೆ ಸೇರುವುದಿಲ್ಲ. ಆದರೆ ಮೇಲಿನ ಶಬ್ದವೇ ಹೋಗಿದೆಯಲ್ಲ. ಅಲ್ಲಿಗೆ ನನ್ನ ಟ್ರಾನ್ಸ್‌ಪೋರ್ಟ್ ಕೆಟ್ಟಿದ್ದು ಗ್ಯಾರಂಟಿ ಎಂದುಕೊಂಡೆ.

ಗೆಳೆಯನ ಹತ್ತಿರ ಬೇರೆ ಟ್ರಾನ್ಸ್‌ಪೋರ್ಟ್ ಇತ್ತು. ನನ್ನದಕ್ಕಿಂತ ಹೊಸದು, ಅಗಲ, ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದನ್ನು ಜೀಪಿನಲ್ಲಿ ಹಾಕಿಸಿಕೊಂಡು ಮನೆಗೆ ತರಿಸಿದೆ. ನನ್ನ ಸೆಟ್ ಇಟ್ಟಿದ್ದ ಬೀರುವಿನಲ್ಲಿ ಅದು ಹಿಡಿಯಲಿಲ್ಲ. ಕಿಟಕಿ ಹತ್ತಿರ ಹಲಗೆ ಮೇಲೆ ಇಟ್ಟೆವು. ನನ್ನ ಡ್ಯಾಕಿಗೆ ಎರಡು ವೈರ್ ಹಾಕಬಹುದು. ನನ್ನದು ಒಂದಕ್ಕೆ, ಅವನದು ಇನ್ನೊಂದಕ್ಕೆ ಹಾಕಿ, ಒಂದು ಬಟನ್ ಒತ್ತಿ ಬದಲಾಯಿಸುವ ಹಾಗೆ ಮಾಡಿದೆವು. ಉಳಿದದ್ದೆಲ್ಲ ಅದೇ ಆಂಪ್ಲಿಫೈಯರು, ಅದೇ ಸ್ಪೀಕರು.

ಮೊದಲು ನನ್ನದರಲ್ಲಿ ಕೊಳಲು ಹಾಕಿದೆ. ಮಂಕು. ಆಮೇಲೆ ಅವನದಕ್ಕೆ ಡಿಸ್ಕ್ ಹಾಕಿ, ಸ್ಟೂಲನ್ನು ಕಿಟಕಿ ಹತ್ತಿರ ಎಳೆದುಕೊಂಡು, ಅದರ ಮುಖದ ಮೇಲೆ ಓಡುವ ನಂಬರ್ ನೋಡುತ್ತಾ ಕೂತೆ. ಉಸಿರು ಬಂತು. ಕಂಜೀರ ಬಂತು. ಪೂರ್ತಿ ಅಲ್ಲ, ಆದರೆ ಬಂತು.

"ಕೇಳ್ತಾ?" ಎಂದೆ.

ಅವನು ಗೋಡೆಗೆ ಒರಗಿ ಕೂತಿದ್ದ. ಕೇಳಿತು, ಮೊದಲಿನದರಲ್ಲೂ ಕೇಳಿತ್ತು, ಎರಡೂ ಒಂದೇ ಎಂದ. ನಿನ್ನ ಕಿವಿಯಲ್ಲಿ ಗ್ರೀಸ್ ತುಂಬಿದೆ ಎಂದೆ ನಾನು. ಅವನು ನಕ್ಕ. ನಾವು ಅಲ್ಲಿಂದ ಹಿಡಿದು ಊಟದ ಹೊತ್ತಿನವರೆಗೂ ಜಗಳ ಮಾಡಿದೆವು. ನಾನು ನಿನ್ನ ಟ್ರಾನ್ಸ್‌ಪೋರ್ಟ್ ನನಗೆ ಕೊಡು, ನನ್ನದು ತೆಗೆದುಕೋ, ಮೇಲೆ ನನ್ನ ಹತ್ತಿರ ಬೇರೆ ಇರುವ ಮರ ಕುಯ್ಯುವ ಮಷಿನನ್ನೂ ಇಟ್ಟುಕೋ ಎಂದೆ. ನನಗೆ ಆ ಉಸಿರು ಬೇಕಿತ್ತು, ಅಷ್ಟೇ. ಅವನು ತೆಗೆದುಕೊಂಡುಬಿಡಬಹುದಿತ್ತು. ತೆಗೆದುಕೊಳ್ಳಲಿಲ್ಲ.

"ಇಲ್ದಿರೋ ವ್ಯತ್ಯಾಸಕ್ಕೆ ನಿನ್ ಮಷಿನ್ ತಗೊಂಡ್ರೆ ನಾಳೆ ನಂಗೆ ನಿದ್ದೆ ಬರೂದಿಲ್ಲ. ಮೊದ್ಲು ಸಮ ನೋಡುವ," ಎಂದ.

ಅಕ್ಕ ಅಡಿಗೆ ಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಹಾಡಿನ ಹುಚ್ಚಿಲ್ಲ. ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಎಂತದೋ ಇದು, ಹಂಡೆ ಮುಂದೆ ಕೂತ್ಕೊಂಡು ನೀರು ಬಿಸಿಯಾ ತಣ್ಣಗಾ ಅಂತ ಕಣ್ಣಲ್ಲೇ ನೋಡ್ದಂಗೆ? ನಮ್ ರೂಮಿಗೆ ಎಂತೆಂಥ ದೊಡ್ಡೋರು ಬರ್ತಾರೆ. ಅವ್ರಿಗೂ ಯಾವ ತೋಟದ್ದು ಅಂತ ಹೇಳಿ ರುಚಿ ಕೇಳಲ್ಲ. ಹೇಳಿದ್ರೆ ನಾಲಿಗೆ ಆಗ್ಲೇ ಸುಳ್ಳು ಹೇಳಕ್ಕೆ ಶುರು ಮಾಡ್ತದೆ."

ಅವರ ರೂಮಿನಲ್ಲಿ ಮಾಡುವುದು ಹೀಗಂತೆ. ಮೂರು ಕಪ್ ಇಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಯಾವುದು ಬೇರೆ ಎಂದು ಕುಡಿದು ಹೇಳಬೇಕು. ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲು ಯಾರೂ ಕೇಳುವುದಿಲ್ಲ. ಬೇರೆ ಎನ್ನುವುದೇ ಗೊತ್ತಾಗದಿದ್ದರೆ ಒಳ್ಳೆಯದು ಕೆಟ್ಟದ್ದು ಎಲ್ಲಿಂದ ಬಂತು? ರುಚಿ ನೋಡುವಾಗ ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು. ಒಬ್ಬರ ಹುಬ್ಬು ಮೇಲೆ ಹೋದರೆ ಇನ್ನೊಬ್ಬರ ಬಾಯಿಗೂ ಅದೇ ರುಚಿ ಬರುತ್ತದಂತೆ.

ನಾನು ಹೂಂ ಎಂದೆ. ನಾನು ಗೆಲ್ಲುತ್ತೇನೆ ಎಂದು ನನಗೆ ಗೊತ್ತಿತ್ತು.

ಮುಂದಿನ ಶುಕ್ರವಾರ ಅಕ್ಕನಿಗೆ ರಜೆ ಇತ್ತು. ನಮಾಜ್ ಮುಗಿಸಿಕೊಂಡು ಗೆಳೆಯ ಬಂದ. ಅಕ್ಕ ಕಪ್ಪು ಜಮಖಾನವನ್ನು ಹಗ್ಗಕ್ಕೆ ಹಾಕಿ ಎರಡು ಟ್ರಾನ್ಸ್‌ಪೋರ್ಟನ್ನೂ ಮರೆ ಮಾಡಿದ್ದಳು. ಸ್ಟೂಲನ್ನು ಸ್ಪೀಕರ್‌ಗಳ ಮುಂದೆ ನಡುವಿನಲ್ಲಿ ಇಟ್ಟು, ಕದಲಿಸಿದರೆ ನೋಡು ಎಂದಳು. ಕೊಳಲಿನ ಒಂದೇ ಜಾಗವನ್ನು ಅವಳು ಮೂರು ಸಲ ಹಾಕುತ್ತಾಳೆ, ಎರಡು ಸಲ ಒಂದು ಪೆಟ್ಟಿಗೆಯಲ್ಲಿ, ಒಂದು ಸಲ ಇನ್ನೊಂದರಲ್ಲಿ. ಗೆಳೆಯ ನನ್ನ ಹಿಂದೆ ಕೂರಬೇಕು. ನಾನು ಯಾವುದು ಬೇರೆ ಎಂದು ಬೆರಳಲ್ಲಿ ತೋರಿಸಬೇಕು, ಅವನೂ ತೋರಿಸಬೇಕು, ಬಾಯಿ ಬಿಡುವಂತಿಲ್ಲ. ಕೊಳಲಿನ ಡಿಸ್ಕ್ ಒಂದೇ ಇದ್ದುದರಿಂದ ಪ್ರತಿ ಸಲವೂ ಅವಳು ಎರಡೂ ಪೆಟ್ಟಿಗೆಯ ಬಾಯಿ ತೆಗೆದು ಮುಚ್ಚುತ್ತಿದ್ದಳು. ಇಲ್ಲದಿದ್ದರೆ ಆ ಸದ್ದಿನಲ್ಲೇ ಗೊತ್ತಾಗಿಬಿಡುತ್ತಿತ್ತು. ಇಷ್ಟೆಲ್ಲ ಅವಳಿಗೆ ಹೇಗೆ ಹೊಳೆಯಿತೋ. ಕಪ್ ತೊಳೆದು ತೊಳೆದು ಬಂದಿರಬೇಕು.

ಮೊದಲ ಸುತ್ತು ಮುಗಿಯಿತು. ನನಗೆ ಮೂರೂ ಮಂಕು. ಸುಮ್ಮನೆ ಎರಡನೆಯದು ಎಂದು ಬೆರಳು ತೋರಿಸಿದೆ. ತಪ್ಪು. ಮತ್ತೆ ಹಾಕು ಎಂದೆ. ಮತ್ತೆ ತಪ್ಪು. ಒಮ್ಮೆ ಸರಿ ಬಂತು, ಆಮೇಲೆ ಮತ್ತೆ ತಪ್ಪು. ಗೆಳೆಯನದೂ ಅದೇ ಕಥೆ. ಅಕ್ಕ ಜಮಖಾನದ ಹಿಂದಿನಿಂದ ಇಣುಕಿ, ನಮ್ಮಲ್ಲಿ ಹೀಗಾದರೆ ಎರಡೂ ಒಂದೇ ಕಾಫಿ ಎಂದು ಪಕ್ಕಕ್ಕೆ ಇಡುತ್ತಾರೆ ಎಂದಳು.

ನನಗೆ ಕೋಪ ಬಂತು. ಕಿಟಕಿ ಹತ್ತಿರ ಕೂತಾಗ ಬಂದ ಉಸಿರು ಎಲ್ಲಿ ಹೋಯಿತು? ಅವನ ಟ್ರಾನ್ಸ್‌ಪೋರ್ಟನ್ನು ಹಾಕಲೇ ಇಲ್ಲ, ನೀವಿಬ್ಬರೂ ಸೇರಿಕೊಂಡು ಆಟ ಆಡುತ್ತಿದ್ದೀರಿ ಎಂದೆ. ಮೂರರಲ್ಲಿ ಒಂದರಲ್ಲೂ ಉಸಿರು ಬರಲಿಲ್ಲ ಎಂದೆ.

ಗೆಳೆಯ ಹಿಂದಿನಿಂದ ನನ್ನ ಭುಜ ತಟ್ಟಿದ. ಆಮೇಲೆ ಮೆಲ್ಲಗೆ ಹೇಳಿದ.

"ಮೂರ್ರಲ್ಲೂ ಬಂತಲ್ಲ ಮಾರಾಯ."

"ಬರ್ಲಿಲ್ಲ."

"ಊದೋಕೆ ಮೊದ್ಲು ಎಳ್ಕೊಂಡದ್ದು. ಮೂರು ಸಲನೂ."

ನಾನು ಅಕ್ಕನ ಕಡೆ ನೋಡಿದೆ. ಅವಳು ಯಾರ ಪರವೂ ಅಲ್ಲ. "ನಂಗೂ ಕೇಳ್ತು ಕಣೋ. ನೆಗಡಿ ಆದೋರ ಥರ ಎಳೀತಾನೆ," ಎಂದಳು.

ಅವಳು ಜಮಖಾನ ಸರಿಸಿ ಹೊರಗೆ ಬಂದಳು. ಇನ್ನೊಂದು ಸಲ ಅದೇ ಜಾಗ ಹಾಕಿ ನನ್ನ ಭುಜ ಹಿಡಿದು ಸ್ಟೂಲಿನ ಮೇಲೆಯೇ ನನ್ನನ್ನು ತಿರುಗಿಸಿದಳು. ಮುಖ ಕಿಟಕಿಗೆ ಬಂತು, ಎಡಗಿವಿ ಸ್ಪೀಕರಿಗೆ. ಉಸಿರು ಕೇಳಿತು. ಬಾಗಿಲ ಕಡೆ ತಿರುಗಿಸಿದಳು, ಬಲಗಿವಿ ಸ್ಪೀಕರಿಗೆ. ಉಸಿರು ಇಲ್ಲ. ನನ್ನ ಟ್ರಾನ್ಸ್‌ಪೋರ್ಟಿನಲ್ಲಿ ಮಾಡಿದಳು, ಅವನದರಲ್ಲಿ ಮಾಡಿದಳು. ಎಲ್ಲದಕ್ಕೂ ಅದೇ.

ನೇರ ಕೂತರೆ ಉಸಿರು ಬರುವ ಸ್ಪೀಕರ್ ಬಲಗಿವಿ ಕಡೆಗೆ; ಹಿಂದಿನ ವಾರ ಕಿಟಕಿ ಹತ್ತಿರ ಕೂತು ನಂಬರ್ ನೋಡುವಾಗ ನನ್ನ ಎಡಗಿವಿ ಸ್ಪೀಕರ್ ಕಡೆಗಿತ್ತು. ಅಷ್ಟೇ ವಿಷಯ. ಅಷ್ಟಕ್ಕೆ ನಾನು ಮರ ಕುಯ್ಯುವ ಮಷಿನ್ ಕೊಡಲು ಹೊರಟಿದ್ದೆ.

ಡಿಸ್ಕ್ ತನ್ನ ಪಾಡಿಗೆ ಓಡುತ್ತಿತ್ತು. ಗೆಳೆಯ ಎದ್ದು ಅದನ್ನು ನಿಲ್ಲಿಸಿದ. ಅವನ ಕೈ ನನ್ನ ಬೆನ್ನ ಮೇಲೆ ಬಂತು, ನಾನು ತಳ್ಳಿದೆ. ಆಮೇಲೆ ಹೋಗಿ ಅಂಗಳದಲ್ಲಿ ನಿಂತೆ. ಬಲಗಿವಿ ಪಕ್ಕ ಬೆರಳು ಉಜ್ಜಿ ನೋಡಿದೆ, ಎಡಗಿವಿ ಪಕ್ಕ ಉಜ್ಜಿ ನೋಡಿದೆ. ಇದು ಯಾವತ್ತಿನಿಂದ ಹೀಗೆ ಎಂದು ಗೊತ್ತಿಲ್ಲ. ಕೆಲಸ ಮುಗಿಸಿ ಬಂದಾಗ ಕಿವಿಯಲ್ಲಿ ಕುಂಯ್ ಎನ್ನುವುದು ಎಲ್ಲ ಮಷಿನಿನವರಿಗೂ ಇದೆ. ಊಟ ಮಾಡಿ ಮಲಗಿದರೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಕುಂಯ್ ಹೋಗುತ್ತದೆ, ಅದರ ಜೊತೆ ಏನೇನು ಹೋಗುತ್ತದೆ ಎಂದು ಯಾರೂ ನೋಡಿರಲಿಲ್ಲ.

ಮುಂದಿನ ವಾರ ಚಿಕ್ಕಮಗಳೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಸಣ್ಣ ರೂಮಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೀ ಎಂದು ಕೇಳಿದಾಗಲೆಲ್ಲ ಬಟನ್ ಒತ್ತು ಎಂದರು. ಎಡಗಿವಿಗೆ ಒತ್ತುತ್ತಲೇ ಇದ್ದೆ. ಬಲಗಿವಿಗೆ ಬಂದಾಗ ಕೊನೆಯಲ್ಲಿ ಸುಮ್ಮನೆ ಕೂತಿದ್ದೆ, ಗಾಜಿನ ಆಚೆ ಟೆಸ್ಟ್ ಮಾಡುವ ಹೆಂಗಸು ಏನೋ ತಿರುಗಿಸುತ್ತಿದ್ದುದು ಮಾತ್ರ ಕಾಣುತ್ತಿತ್ತು. ಏನು ಕೆಲಸ ಎಂದು ಡಾಕ್ಟರ್ ಕೇಳಿದರು. ಹೇಳಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೋ, ಕಿವಿ ಮುಚ್ಚದೆ ಮಷಿನ್ ಹಿಡಿದರೆ ಎಡಗಿವಿಯೂ ಅದೇ ದಾರಿ ಎಂದರು. ಸುತ್ತಿ ಬಳಸಿ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಗೆಳೆಯ ತನ್ನ ಶೆಡ್ಡಿಗೆ ಬಾ, ಇಬ್ಬರೂ ಸೇರಿ ಮಾಡೋಣ ಎಂದ. ಅಕ್ಕ ಮಷಿನನ್ನೇ ಮಾರು ಎಂದಳು. ನಾನು ಎರಡಕ್ಕೂ ಒಪ್ಪಲಿಲ್ಲ. ನನಗೆ ಬರುವ ಕೆಲಸ ಅದು. ಇಳಿಜಾರಿನಲ್ಲಿ, ಕಾಫಿ ಗಿಡದ ಕೊಂಬೆಗೆ ತಾಗಿಸದೆ ಬುಡದವರೆಗೂ ಹೊಡೆಯುವುದು ನನಗೆ ಗೊತ್ತು. ಕೆಲಸವೂ ಬಿಡುವುದಿಲ್ಲ, ಕಿವಿಯೂ ಬಿಡುವುದಿಲ್ಲ ಎಂದು ಹೇಳಿದೆ. ಡಾಕ್ಟರ್ ತೋರಿಸಿದಂಥದ್ದೇ, ಎರಡೂ ಕಿವಿ ಪೂರ್ತಿ ಮುಚ್ಚುವ ದಪ್ಪ ಮಫ್ ತಂದೆ.

ಅದನ್ನು ಹಾಕಿಕೊಂಡು ಹೋದ ಮೊದಲ ದಿನ ಜೊತೆಯ ಮಷಿನಿನವರು ಚೆನ್ನಾಗಿ ನಕ್ಕರು. ಯಾವ ಹಾಡು ಬರುತ್ತಿದೆ, ನಮಗೂ ಸ್ವಲ್ಪ ಕೇಳಿಸು ಎಂದರು. ಅದು ಲೆಕ್ಕಕ್ಕಿಲ್ಲ. ತಡೆದದ್ದು ಎಸ್ಟೇಟಿನ ರೈಟರ್. ಆಳುಗಳನ್ನು, ಕೆಲಸವನ್ನು ನೋಡಿಕೊಳ್ಳುವವರು ಅವರು. ಆ ತೋಟಕ್ಕೆ ಆನೆ ಬರುತ್ತದೆ. ಹಿಂದಿನ ವರ್ಷ ಬೇಲಿ ಮುರಿದು ಬಾಳೆ ಪೂರ್ತಿ ತಿಂದು ಹೋಗಿದ್ದವು.

"ಅದು ತೆಗಿ. ಆನೆ ಬಂತು ಅಂತ ಕೂಗಿದ್ರೆ ನಿಂಗೆ ಕೇಳೂದಿಲ್ಲ. ನಾಳೆ ಎಂತಾದ್ರೂ ಆದ್ರೆ ನಾನು ಉತ್ರ ಹೇಳ್ಬೇಕು," ಎಂದರು.

"ಈಗ ಕೇಳ್ತದಾ ಸಾರ್, ಮಷಿನ್ ಓಡ್ವಾಗ?"

"ಹತ್ರ ಬಂದು ಕೂಗ್ತಾರೆ."

"ಆನೆ ಇರ್ವಾಗ ಹತ್ರ ಬರೋರು ಯಾರು ಸಾರ್? ಮುಂದೆ ಒಬ್ರನ್ನ ನಿಲ್ಸಿ. ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಕೊಡಿ. ನಾವು ತಲೆ ಎತ್ತಿ ಎತ್ತಿ ನೋಡ್ತೀವಿ."

ಸುಮ್ಮನೆ ನಿಲ್ಲಿಸಲು ಆಳು ಇಲ್ಲ ಎಂದರು ಅವರು. ಹಾಗಾದರೆ ನಾನೂ ಇಲ್ಲ ಎಂದೆ. ಮಫ್ ತೆಗೆದು ಮಷಿನ್ ಎತ್ತಲು ಹೇಳಿದರು. ನಾನು ಮಷಿನನ್ನೇ ಬೆಲ್ಟಿನಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡು ರೋಡಿಗೆ ಬಂದೆ. ಜೊತೆಯವರು ಯಾರೂ ಬರಲಿಲ್ಲ. ಬರಬೇಕು ಎಂದು ನಾನು ಕೇಳಿಯೂ ಇರಲಿಲ್ಲ.

ಕೆಲವು ದಿನ ಮನೆಯಲ್ಲಿದ್ದೆ. ಅಕ್ಕ ಪಾತ್ರೆ ಇಡುವ ಸದ್ದು ಎರಡೂ ಕಿವಿಗೆ ಕೇಳುತ್ತಿತ್ತು. ಗೆಳೆಯ ತನ್ನ ಟ್ರಾನ್ಸ್‌ಪೋರ್ಟ್ ತೆಗೆದುಕೊಂಡು ಹೋಗಲು ಬಂದವನು, ಬೇಕಿದ್ದರೆ ಇಲ್ಲೇ ಇರಲಿ ಎಂದ. ಬೇಡ ಎಂದೆ. ಎರಡೂ ಒಂದೇ ಎಂದು ಗೊತ್ತಾದ ಮೇಲೆ ಎರಡು ಯಾಕೆ? ಅವನನ್ನು ಕಳಿಸಿ ಬೇರೆ ತೋಟಗಳಿಗೆ ಫೋನ್ ಮಾಡಿದೆ. ಎಲ್ಲರಿಗೂ ಮೊದಲೇ ಹೇಳುತ್ತಿದ್ದೆ, ಕಿವಿ ಮುಚ್ಚಿಕೊಳ್ಳುತ್ತೇನೆ, ಮುಂದೆ ಒಬ್ಬರು ಬೇಕು ಎಂದು. ಕೆಲವರು ಫೋನ್ ಇಟ್ಟರು. ಕಳಸದ ಕಡೆಯವರೊಬ್ಬರು ನೋಡೋಣ ಎಂದರು. ಅವರು ನೋಡುವ ಮುಂಚೆಯೇ ಈ ರೈಟರ್ ಫೋನ್ ಬಂತು. ಮೇಲಿನ ಬ್ಲಾಕಿನಲ್ಲಿ ಕಳೆ ಸೊಂಟಕ್ಕೆ ಬಂದಿದೆ, ನೀನಿಲ್ಲದೆ ಉಳಿದವರು ಇಳಿಜಾರಿಗೆ ಇಳಿಯಲು ಒಪ್ಪುತ್ತಿಲ್ಲ, ಬಾ. ಒಬ್ಬ ಹೆಂಗಸನ್ನು ನಿಲ್ಲಿಸುತ್ತೇನೆ, ಆದರೆ ಆಕೆ ನಿಂತಲ್ಲೇ ಗಿಡದ ಚಿಗುರೂ ತೆಗೆಯುತ್ತಾಳೆ, ಸುಮ್ಮನೆ ನಿಲ್ಲುವುದಿಲ್ಲ ಎಂದರು. ಆಗಲಿ ಎಂದೆ.

ಆಕೆ ವಯಸ್ಸಾದವರು. ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಇರುವವರು. ತಮ್ಮ ಹಳೆಯ ಸೀರೆಯ ಕೆಂಪು ತುಂಡನ್ನೇ ಕೋಲಿಗೆ ಕಟ್ಟಿಕೊಂಡು ಬಂದಿದ್ದರು. ನಾವು ನಾಲ್ಕು ಮಷಿನ್ ಇಳಿಜಾರಿನಲ್ಲಿ ಸಾಲಾಗಿ ಹೋಗುತ್ತಿದ್ದೆವು. ಮಫ್ ಇದ್ದುದು ನನಗೊಬ್ಬನಿಗೆ. ಒಂದು ಸಾಲು ಮುಗಿಸಿದಾಗಲೆಲ್ಲ ನಾನು ತಲೆ ಎತ್ತಿ ಅವರ ಕಡೆ ನೋಡುತ್ತಿದ್ದೆ. ಬಿಸಿಲು ಏರಿದ ಮೇಲೆ ಒಮ್ಮೆ ನೋಡುತ್ತೇನೆ, ಕೆಂಪು ಬಟ್ಟೆ ಮೇಲೆ ಆಡುತ್ತಿದೆ. ಅವರ ಬಾಯಿಯೂ ಆಡುತ್ತಿದೆ. ಪಕ್ಕದಲ್ಲಿ ರೈಟರ್ ನಿಂತು ಅವರೂ ಕೈ ಬೀಸಿ ಕೂಗುತ್ತಿದ್ದಾರೆ. ನಾನು ಎಂಜಿನ್ ಆಫ್ ಮಾಡಿ ಮಫ್ ತೆಗೆದೆ. ಉಳಿದ ಮೂವರು ಬಗ್ಗಿಕೊಂಡು ಹೊಡೆಯುತ್ತಲೇ ಇದ್ದರು. ಅವರ ಕಿವಿ ಖಾಲಿಯೇ ಇತ್ತು, ಆದರೂ ಕೂಗು ಕೇಳಿರಲಿಲ್ಲ. ಓಡಿ ಹೋಗಿ ಒಬ್ಬೊಬ್ಬರ ಮುಂದೆ ಕೈ ಆಡಿಸಿ ನಿಲ್ಲಿಸಿದೆ. ಒಬ್ಬ ಹೆದರಿ ಮಷಿನ್ ಅಲ್ಲೇ ಬಿಟ್ಟು ಮೇಲಕ್ಕೆ ಓಡಿದ.

"ಎಲ್ಲಿ ಆನೆ?" ಎಂದು ನಾನು ಆಕೆಯನ್ನು ಕೇಳಿದೆ.

"ಆನೆ ಎಂತಕ್ಕೆ? ಟೀ ಬಂದದೆ. ಆವಾಗ್ಲಿಂದ ಕೂಗ್ತಾ ಇದೀವಿ, ತಣ್ಣಗಾಗ್ತದೆ," ಎಂದರು ಅವರು.

ಎಲ್ಲರೂ ಕೂತು ಟೀ ಕುಡಿದೆವು. ಓಡಿದವನನ್ನು ಹಂಗಿಸಿದ್ದೇ ಹಂಗಿಸಿದ್ದು. ರೈಟರ್ ನಗಲಿಲ್ಲ. ಲೋಟ ಹಿಡಿದುಕೊಂಡು ಆ ಮೂರು ಮಷಿನ್‌ಗಳನ್ನು ನೋಡುತ್ತಾ ನಿಂತಿದ್ದರು. ಏಳುವಾಗ ನನ್ನ ಕುತ್ತಿಗೆಯಲ್ಲಿದ್ದ ಮಫ್ ತೋರಿಸಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೇಳಿದೆ. ಇನ್ನು ಮೂರು ತರಿಸಬೇಕು ಎಂದರು. ಇವತ್ತೇ ಹೇಳಿ ಸಾರ್ ಎಂದೆ. ಅವರು ಫೋನ್ ತೆಗೆದು ಮಾತಾಡಿ ಮುಗಿಸುವವರೆಗೂ ಅವರ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಮಫ್ ಕಿವಿಗೆ ಏರಿಸಿ ಎಂಜಿನ್ ಎಳೆದೆ.